ಉಡಿಯಕ್ಕಿಯ ತೂಕ

ವಿಮಾನದಲ್ಲಿ ಸುಖವಾಗಿ ಹೋಗಬೇಕಾದರೆ ಏನೇನು ಕಟ್ಟಿಕೊಳ್ಳಬೇಕು ಎಂಬುದನ್ನು ನಮ್ಮ ಮನೆಯಲ್ಲಿ ಮೊದಲು ಹೇಳಿಕೊಟ್ಟವಳು ಅತ್ತೆ, ಅಪ್ಪನ ಅಕ್ಕ. ಅವಳು ಅಲ್ಲಿಯವರೆಗೆ ಮೋಟಾರನ್ನೂ ಹತ್ತಿದವಳಲ್ಲ. ಸಿದ್ದಾಪುರದಿಂದ ಶಿರಸಿಗೆ ಚಕ್ಕಡಿಯಲ್ಲೇ ಬರುತ್ತಿದ್ದಳು. ಬಂದವಳು ದಾರಿಯುದ್ದಕ್ಕೂ ಕುಡಿದ ಮೋಟಾರಿನ ಧೂಳನ್ನು ಬೈಯುತ್ತ ಒಂದು ತಂಬಿಗೆ ನೀರು ಕುಡಿಯುತ್ತಿದ್ದಳು. ಆದರೂ ವಿಮಾನದ ವಿಷಯದಲ್ಲಿ ಅವಳಿಗೆ ಗೊತ್ತಿಲ್ಲದ್ದು ಇರಲಿಲ್ಲ.

"ಕಿವ್ಯಾಗ ಹತ್ತಿ ಇಟ್ಕೋಬೇಕು. ಹೊಟ್ಟಿ ತುಂಬ ಉಣ್ಣಬಾರದು. ಗೆಣಸು, ಕಡ್ಲಿ ಮುಟ್ಟಬಾರದು. ಕೆಳಗಂತೂ ನೋಡಲೇಬಾರದು" ಎಂದು ಅಕ್ಕನ ಮುಂದೆ ಕೂತು ಹೇಳುತ್ತಿದ್ದಳು.

ಬೇರೆ ದಿನಗಳಾಗಿದ್ದರೆ ನಾನು ಅವಳನ್ನು ಆಡಿಕೊಂಡು ಬಿಡುತ್ತಿದ್ದೆ. ಆಗ ನನಗೆ ಹದಿಮೂರೋ ಹದಿನಾಲ್ಕೋ. ಬಾಯಿ ಬಹಳ ಚುರುಕು, ಅದಕ್ಕಾಗಿ ಬೈಸಿಕೊಂಡದ್ದೂ ಬಹಳ. ಆದರೆ ಆ ವಾರ ನಮ್ಮ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ.

ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಭಾವ ಕರಾಚಿಯಲ್ಲಿ ಒಂದು ಹಡಗಿನ ಕಂಪನಿಯ ಗುಮಾಸ್ತ. ಆಗ ಅದೆಲ್ಲ ನಮ್ಮ ಮುಂಬಯಿ ಇಲಾಖೆಯದೇ ಸೀಮೆ. ಇಲ್ಲಿಯ ಹುಡುಗರು ಅಲ್ಲಿ ನೌಕರಿಗೆ ಹೋಗುವುದು ವಿಶೇಷವೇನಾಗಿರಲಿಲ್ಲ. ಹೆಣ್ಣು ಕೂಸು ಹುಟ್ಟಿತು. ಹೆಸರಿಡುವ ದಿನ ಭಾವ ಬರಲಿಲ್ಲ, ಹೊಟ್ಟೆನೋವು ಎಂದು ಬರೆದ. ಆಮೇಲೆ ಮುಂಬಯಿಯಲ್ಲಿದ್ದ ಅವನ ಅಣ್ಣನಿಂದ ತಂತಿ ಬಂತು. ಹೊಟ್ಟೆಯೊಳಗೆ ಗಡ್ಡೆ, ಕೊಯ್ದು ತೆಗೆಯಲೇಬೇಕು, ಉಳಿಯುವ ಮಾತು ದೇವರ ಕೈಯಲ್ಲಿ. ಕೊಯ್ಯುವ ಮೊದಲು ಕೂಸಿನ ಮುಖ ನೋಡಬೇಕು ಎಂದು ಭಾವ ಹಟ ಹಿಡಿದಿದ್ದ. ಡಾಕ್ಟರು ಮುಂದಿನ ವಾರದವರೆಗೆ ಕಾಯುತ್ತೇನೆ, ಅದರಾಚೆ ಆಗದು ಎಂದಿದ್ದರು.

ಮುಂಬಯಿಯಿಂದ ಕರಾಚಿಗೆ ರೈಲಿನಲ್ಲಿ ಹೋಗುವುದೆಂದರೆ ಗಾಡಿ ಬದಲಿಸಿ ಬದಲಿಸಿ ಮರಳುಗಾಡು ದಾಟಬೇಕು. ಹಡಗು ನಮ್ಮ ಹೊತ್ತಿಗೆ ಹೊರಡುವುದಿಲ್ಲ. ಭಾವನ ಕಂಪನಿಯ ಸಾಹೇಬ ದೊಡ್ಡ ಮನಸ್ಸು ಮಾಡಿ ಟಪಾಲು ಒಯ್ಯುವ ವಿಮಾನದಲ್ಲಿ ಒಂದು ಜಾಗ ಕೊಡಿಸಿದ. ಒಂದೇ ಜಾಗ. ಟಪಾಲಿನ ಚೀಲಗಳ ಜೊತೆ ಅಕ್ಕ, ಅಕ್ಕನ ತೊಡೆಯ ಮೇಲೆ ಕೂಸು. ಜೊತೆಗೆ ಒಂದು ಕಟ್ಟಪ್ಪಣೆ: ಮನುಷ್ಯರು, ಸಾಮಾನು ಎಲ್ಲ ಸೇರಿ ಇಂತಿಷ್ಟೇ ರತ್ತಲು ತೂಗಬೇಕು, ಹೆಚ್ಚಾದರೆ ಹತ್ತಿಸುವುದಿಲ್ಲ.

ತೂಕದ ಮಾತು ಕೇಳಿದ ಮೇಲೆ ಅಪ್ಪನಿಗೆ ಸ್ವಲ್ಪ ಉಸಿರು ಬಂತು. ಮಿಕ್ಕದ್ದೆಲ್ಲ ಅವನ ಕೈಮೀರಿದ್ದು, ಆದರೆ ತೂಕ ಅವನ ಕಸುಬು. ಪೇಟೆಯ ಒಂದು ಅಡಿಕೆ ವಖಾರಿಯಲ್ಲಿ ತಕ್ಕಡಿಯ ಮುಂದೆ ನಿಲ್ಲುವವನು ಅವನೇ. ಚೀಲವನ್ನು ಎತ್ತಿ ಇಳಿಸುವುದನ್ನು ನೋಡಿಯೇ ಇಷ್ಟಿದೆ ಎಂದು ಹೇಳುತ್ತಿದ್ದ, ಆಮೇಲೆ ತೂಗಿದರೆ ಅಷ್ಟೇ ಇರುತ್ತಿತ್ತು. ಊರಿನಲ್ಲಿ ಅವನ ತೂಕಕ್ಕೆ ಎರಡು ಮಾತಿರಲಿಲ್ಲ.

ಮೊದಲು ಹೋದದ್ದು ಟ್ರಂಕು. ಅಕ್ಕನ ಮದುವೆಯ ತಗಡಿನ ಟ್ರಂಕು ಬರಿದೇ ಎಷ್ಟು ಭಾರವಿತ್ತೆಂದರೆ ಅದನ್ನೊಯ್ದರೆ ಅದರೊಳಗೆ ಇಡಲು ಏನೂ ಉಳಿಯುತ್ತಿರಲಿಲ್ಲ. ಅಪ್ಪ ಬುಟ್ಟಿ ಹೆಣೆಯುವವರ ಹತ್ತಿರ ಹೋಗಿ ಬೆತ್ತದ ಪೆಟ್ಟಿಗೆ ಮಾಡಿಸಿ ತಂದ. ಎರಡು ಬೆರಳಿನಲ್ಲಿ ಎತ್ತಬಹುದಿತ್ತು. ಅದರ ಒಳಮೈ ಸೀರೆಗೆ ಸಿಕ್ಕಬಾರದೆಂದು ಅವ್ವ ಹಳೆಯ ಧೋತರದ ಅಸ್ತರಿ ಹೊಲಿದಳು.

ಆಮೇಲೆ ತುಂಬುವ ಕೆಲಸ. ಮೇಲೆ ಚಳಿ ಇರುತ್ತದೆಂದು ಅಪ್ಪನ ಶಾಲು. ಹೊಟ್ಟೆ ತೊಳೆಸಿದರೆ ಎಂದು ನಿಂಬೆಹಣ್ಣು, ಒಣಶುಂಠಿ, ಪೆಪ್ಪರಮಿಂಟು. ಬಾಣಂತಿಯ ಸೊಂಟಕ್ಕೆ ಬಲವೆಂದು ಒಂದು ಡಬ್ಬಿ ಅಂಟಿನುಂಡಿ. ಕೂಸಿಗೆ ಮೆತ್ತನೆಯ ಹಳೇ ಪಂಚೆಯ ತುಂಡುಗಳು, ಕುಂಚಿಗೆ, ಎಣ್ಣೆಯ ಸೀಸೆ. ಅತ್ತೆ ತನ್ನ ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಕಿ ಹೊಲಿದ ಪುಟ್ಟ ಕೌದಿ ತಂದಿದ್ದಳು. ಬೈಯುತ್ತ ಬೈಯುತ್ತಲೇ ಹೊಲಿದಿರಬೇಕು, ಆದರೆ ಹೊಲಿಗೆ ಮಾತ್ರ ಒಂದೂ ಸೊಟ್ಟಗಿರಲಿಲ್ಲ. ಭಾವನ ಅಣ್ಣ ಇನ್ನೊಂದು ಸಲಹೆ ಬರೆದಿದ್ದ: ವಿಮಾನ ಏರುವಾಗ, ಇಳಿಯುವಾಗ ಕೂಸಿಗೆ ಮೊಲೆ ಕೊಡಬೇಕು, ಕಿವಿ ನೋಯುವುದಿಲ್ಲ. ಅದಕ್ಕೆ ಬಿಗಿಯಿಲ್ಲದ ಕುಪ್ಪಸವನ್ನೇ ಹೊಲಿದದ್ದಾಯಿತು. ಅಕ್ಕ ಮಾತ್ರ ಕೂಸನ್ನು ತಟ್ಟುತ್ತ ಗೋಡೆ ನೋಡುತ್ತ ಕೂತಿರುತ್ತಿದ್ದಳು.

ತೂಗುವುದಕ್ಕೆ ಅವ್ವ ಒಪ್ಪಲಿಲ್ಲ. "ಬಾಣಂತೀನ ಕೂಸನ್ನ ತಕ್ಕಡ್ಯಾಗ ಕೂಡಿಸ್ತೀರೇನು? ದೃಷ್ಟಿ ಆಗತೈತಿ" ಎಂದಳು. ಅಪ್ಪ ಎದುರಾಡಲಿಲ್ಲ. ಬೆಳಿಗ್ಗೆ ವಖಾರಿಯ ಬಾಗಿಲು ತೆಗೆಯುವ ಮೊದಲೇ ಕರೆದೊಯ್ಯುತ್ತೇನೆ, ಮಂದಿ ನೋಡುವುದಿಲ್ಲ ಎಂದ. ಕೊನೆಗೆ ಕೂಸಿನ ಗಲ್ಲಕ್ಕೆ ಕಾಡಿಗೆಯ ಬೊಟ್ಟಿಟ್ಟು ಅವ್ವನೇ ಜೊತೆಗೆ ಬಂದಳು.

ಅಡಿಕೆ ಚೀಲ ತೂಗುವ ದೊಡ್ಡ ತಕ್ಕಡಿಯ ಹಲಗೆಯ ಮೇಲೆ ಅಕ್ಕ ಕೂಸನ್ನೆತ್ತಿಕೊಂಡು ಕಾಲು ಮಡಚಿ ಕೂತಳು. ಪಕ್ಕದಲ್ಲಿ ಬೆತ್ತದ ಪೆಟ್ಟಿಗೆ. ಅಪ್ಪ ಎದುರಿನ ಹಲಗೆಗೆ ಒಂದೊಂದೇ ಕಲ್ಲು ಇಟ್ಟ. ಹೆಚ್ಚಾಯಿತು. ಪೆಟ್ಟಿಗೆ ತೆಗೆದು ಒಂದು ಸೀರೆ ಹೊರಗಿಟ್ಟ, ಹಿತ್ತಾಳೆಯ ತಂಬಿಗೆ ಹೊರಗಿಟ್ಟ, ಅಂಟಿನುಂಡಿ ಅರ್ಧ ಡಬ್ಬಿ ಮಾಡಿದ. ತಕ್ಕಡಿಯ ಮುಳ್ಳು ಸರಿಯಾಗಿ ನಡುವೆ ನಿಂತಿತು. ವಖಾರಿಯ ಯಜಮಾನರು, ಹವ್ಯಕರು, ಅಷ್ಟರಲ್ಲಿ ಬಂದಿದ್ದರು. ಬಗ್ಗಿ ನೋಡಿ, "ಸಮಾ ಇದ್ದು. ಎಂತದೂ ಹೆದ್ರಡ ತಂಗಿ" ಎಂದು ತಮ್ಮ ಮಾತಿನಲ್ಲಿ ಅಕ್ಕನಿಗೆ ಹೆದರಬೇಡವೆಂದು ಧೈರ್ಯ ಹೇಳಿ ಒಳಗೆ ಹೋದರು.

ಅಪ್ಪನ ಮುಖದಲ್ಲಿ ಆ ದಿನ ಕಂಡ ಸಮಾಧಾನವನ್ನು ನಾನು ಮರೆತಿಲ್ಲ. ಮಗಳಿಗಾಗಿ ಅವನಿಂದ ಆಗುವಂಥದ್ದು ಅದೊಂದೇ ಇತ್ತು, ಅದನ್ನು ಕೂದಲೆಳೆಯಷ್ಟೂ ತಪ್ಪಿಲ್ಲದೆ ಮಾಡಿದ್ದ.

ಮರುದಿನ ಮೋಟಾರು ಮನೆಯ ಮುಂದೆಯೇ ಬಂದು ನಿಂತಿತು. ಅಪ್ಪ ಮುಂಬಯಿಯವರೆಗೆ ಹೋಗುವವನು. ರೈಲಿನಲ್ಲಿ ಕೂಸನ್ನು ಎತ್ತಿಕೊಳ್ಳಲು ಒಬ್ಬರು ಬೇಕೆಂದು ನನ್ನನ್ನೂ ಹೊರಡಿಸಿದ್ದರು. ಅವ್ವ ದೇವರ ಮುಂದೆ ಮಣೆ ಹಾಕಿ ಅಕ್ಕನನ್ನು ನಿಲ್ಲಿಸಿ ಉಡಿ ತುಂಬಿದಳು. ಹೆಣ್ಣುಮಗಳು ತವರಿನಿಂದ ಗಂಡನ ಮನೆಗೆ ಬರಿಗೈಯಲ್ಲಿ, ಬರಿಮಡಿಲಿನಲ್ಲಿ ಹೋಗುವುದುಂಟೇ? ಬೊಗಸೆ ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದಚ್ಚು, ಉತ್ತತ್ತಿ, ಅರಿಷಿಣದ ಕೊಂಬು, ಎಲೆ ಅಡಿಕೆ, ಕುಪ್ಪಸದ ಖಣ. ತುಂಬಿದ ಮೇಲೆ ಅಕ್ಕ ಒಂದು ಮುಷ್ಟಿ ಅಕ್ಕಿಯನ್ನು ತೆಗೆದು ದೇವರ ಮುಂದೆ ಬಿಟ್ಟಳು. ತವರು ತುಂಬಿರಲಿ ಎಂದು ಹಾಗೆ ಬಿಟ್ಟು ಹೋಗುವುದು. ಉಡಿಯನ್ನು ಗಂಡನ ಮನೆ ಸೇರುವವರೆಗೆ ನೆಲಕ್ಕೆ ಇಡುವಂತಿಲ್ಲ. ಆ ಅಕ್ಕಿಯನ್ನು ಅಲ್ಲಿಯೇ ಬೇಯಿಸಬೇಕು, ಗಂಡನಿಗೆ ಉಣಿಸಬೇಕು. ಅದು ಅವನ ಆಯುಷ್ಯಕ್ಕೆ ಒಳ್ಳೆಯದು ಎಂದು ನಂಬಿಕೆ. ಆ ಸಲ ಅವ್ವ ಬೊಗಸೆಗಳನ್ನು ಎಣಿಸಲಿಲ್ಲ. ಅಕ್ಕನ ಸೆರಗು ತುಂಬಿ ಹೊಸ ವಸ್ತ್ರದಲ್ಲಿ ಗಂಟು ಕಟ್ಟಬೇಕಾಯಿತು.

ಅಪ್ಪ ಅಲ್ಲೇ ಬಾಗಿಲ ಬಳಿ ನಿಂತು ನೋಡುತ್ತಿದ್ದ. ಕಣ್ಣಳತೆಯಲ್ಲಿ ಚೀಲದ ತೂಕ ಹೇಳುವ ಮನುಷ್ಯ! ನಾನೂ ಇದ್ದೆ, ಎಲ್ಲದಕ್ಕೂ ಬಾಯಿ ಹಾಕುವವಳು. ಒಬ್ಬರಿಗೂ ಹೊಳೆಯಲಿಲ್ಲ. ಉಡಿಯನ್ನು ಯಾರು ಸಾಮಾನು ಅನ್ನುತ್ತಾರೆ? ನಮಗದು ಮಗಳ ಮೈಯ ಒಂದು ಭಾಗವೇ ಆಗಿತ್ತು.

ಯಲ್ಲಾಪುರದಲ್ಲಿ ಚಿಕ್ಕಮ್ಮ ಮೋಟಾರು ನಿಲ್ಲಿಸಿ ಕಾದಿದ್ದಳು. ಅವಳೂ ಉಡಿ ತುಂಬಿದಳು. ಕಿರವತ್ತಿ ಅವ್ವನ ತವರು. ಅಲ್ಲಿ ಸೋದರಮಾವನ ಹೆಂಡತಿ ರಸ್ತೆಯ ಬದಿಗೆ ಆರತಿ ತಟ್ಟೆ ಹಿಡಿದು ನಿಂತಿದ್ದಳು. "ಇಳೀಬ್ಯಾಡ್ರಿ, ಕೂತಲ್ಲೇ ಸೆರಗು ಹಿಡೀರಿ" ಎಂದು ಅವಳೂ ತುಂಬಿದಳು. ಊರು ಯಾವುದಾದರೇನು, ಅಕ್ಕನ ಗಂಡ ಬದುಕಬೇಕು ಎಂಬುದೇ ಎಲ್ಲರ ಆಸೆ. ಅದನ್ನು ಬಾಯಿಬಿಟ್ಟು ಹೇಳಲಾರದೆ ಅಕ್ಕಿಯನ್ನು ಸುರಿದರು. ಯಲ್ಲಾಪುರದ ಸಾಬರು ಆ ಮೋಟಾರಿನ ಡ್ರೈವರು. ಹುಬ್ಬಳ್ಳಿಯ ಸ್ಟೇಶನ್ನಿನಲ್ಲಿ ಪೆಟ್ಟಿಗೆ ಇಳಿಸಿಕೊಟ್ಟು ಗಂಟಿಗೂ ಕೈ ಚಾಚಿದರು. ಅಕ್ಕ ಬೇಡವೆಂದು ತಲೆ ಆಡಿಸಿದಳು. ಅವರು ತಿಳಿದುಕೊಂಡು, "ಹೌದೌದು, ಅದು ನಿಮ್ಮದೇ ಹೊರೆ ಬಾಯೀ. ಅಲ್ಲಾ ಸುಖವಾಗಿ ಮುಟ್ಟಿಸಲಿ" ಎಂದರು.

ರೈಲಿನಲ್ಲಿ ಅಕ್ಕ ಒಂದು ತೊಡೆಯ ಮೇಲೆ ಕೂಸು, ಇನ್ನೊಂದರ ಮೇಲೆ ಗಂಟು ಇಟ್ಟುಕೊಂಡು ಕೂತಳು. ನಾನು ಕೂಸನ್ನು ಇಸಿದುಕೊಂಡರೂ ಅಕ್ಕ ಗಂಟನ್ನು ಕೊಡಲಿಲ್ಲ.

ವಿಮಾನದ ಮೈದಾನ ಮುಂಬಯಿಯ ಊರಾಚೆ, ಸಮುದ್ರದ ಬಳಿ. ಈಚಲು ಮರ, ಹುಲ್ಲು, ಒಂದು ತಗಡಿನ ಮಾಡು, ಅದರ ಕೆಳಗೆ ಒಂದು ಮೇಜು. ವಿಮಾನ ನಾನೆಣಿಸಿದ್ದಕ್ಕಿಂತ ಎಷ್ಟೋ ಸಣ್ಣದಿತ್ತು. ಇದರಲ್ಲಿ ನಮ್ಮ ಅಕ್ಕ ಹೋಗುವುದೇ? ಮೇಜಿನ ಹಿಂದಿದ್ದ ಗುಮಾಸ್ತರು ವಯಸ್ಸಾದವರು, ಕನ್ನಡಕದವರು. ಮರಾಠಿಯಲ್ಲಿ ಅಕ್ಕನಿಗೆ ತೂಕದ ಹಲಗೆಯ ಮೇಲೆ ನಿಲ್ಲಲು ಹೇಳಿದರು. ಕೂಸನ್ನೆತ್ತಿಕೊಂಡು, ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟು, ಗಂಟನ್ನು ಎದೆಗವಚಿಕೊಂಡು ಅಕ್ಕ ನಿಂತಳು.

ಗುಮಾಸ್ತರು ಮುಳ್ಳು ನೋಡಿದರು, ಅಪ್ಪನನ್ನು ನೋಡಿದರು, ಹೆಚ್ಚಾಯಿತೆಂದು ತಲೆ ಆಡಿಸಿದರು.

ಅಪ್ಪ ನಂಬಲಿಲ್ಲ. "ನಾ ತೂಗೀನ್ರಿ" ಎಂದ ಕನ್ನಡದಲ್ಲಿಯೇ. "ನನ್ನ ಕೈಯಾರೆ ತೂಗೀನಿ." ಅವರಿಗೇನು ತಿಳಿಯಬೇಕು? ನಮ್ಮ ಜೊತೆ ಮೈದಾನಕ್ಕೆ ಬಂದಿದ್ದ ಭಾವನ ಅಣ್ಣ ನಡುವೆ ನಿಂತು ಮರಾಠಿಯಲ್ಲಿ ಹೇಳಿದ. ಅವರು ಮತ್ತೊಮ್ಮೆ ತೂಗಿದರು. ಆಗ ಅಪ್ಪನ ಕಣ್ಣು ಗಂಟಿನ ಮೇಲೆ ಬಿತ್ತು. ಅವನ ಮುಖ ಅಲ್ಲಿಯೇ ಇಳಿದುಹೋಯಿತು.

ಅಕ್ಕ ಹುಲ್ಲಿನ ಮೇಲೆ ಕೂತು ಪೆಟ್ಟಿಗೆ ತೆರೆದಳು. ಅಂಟಿನುಂಡಿ ಹೊರಗೆ ಬಂತು. ಶಾಲು ಬಂತು. ಮೇಲೆ ಚಳಿಯಿದೆ, ಶಾಲು ಬೇಕು ಎಂದು ಗುಮಾಸ್ತರೇ ಹೇಳಿಸಿದರೂ ಕೇಳಲಿಲ್ಲ. ನಿಂಬೆಹಣ್ಣು, ಶುಂಠಿ, ಪೆಪ್ಪರಮಿಂಟು, ತನ್ನ ಸೀರೆಗಳು, ಎಣ್ಣೆಯ ಸೀಸೆ. ಅವಳ ಸುಖಕ್ಕೆಂದು ನಾವು ಒಂದು ವಾರ ಜೋಡಿಸಿದ್ದೆಲ್ಲ ಒಂದೊಂದಾಗಿ ನನ್ನ ಮುಂದೆ ಗುಡ್ಡೆಯಾಯಿತು. ಕೂಸಿನ ಬಟ್ಟೆ ಮತ್ತು ಅತ್ತೆಯ ಕೌದಿ ಮಾತ್ರ ಉಳಿದವು. ಮತ್ತೆ ನಿಂತಳು. ಇನ್ನೂ ಹೆಚ್ಚು.

ಟಪಾಲಿನ ಚೀಲಗಳನ್ನು ಆಗಲೇ ಹತ್ತಿಸುತ್ತಿದ್ದರು. ಗುಮಾಸ್ತರು ಕೆಟ್ಟವರಲ್ಲ. ಕೂಸಿನ ಮುಖ ನೋಡಿ ಅವರಿಗೂ ಕಷ್ಟವಾಗುತ್ತಿತ್ತು. ಆದರೆ ಆ ವಿಮಾನದಲ್ಲಿ ಟಪಾಲು ಮೊದಲು, ಮನುಷ್ಯರು ಆಮೇಲೆ.

"ಕೌದಿ ತೆಗೀ" ಎಂದ ಅಪ್ಪ.

"ಕೂಸಿಗೆ ಚಳಿ ಆಗತೈತಿ."

"ಹಂಗಾದ್ರ ಉಡಿ ಬಿಡವಾ" ಎಂದ. "ನಿಮ್ಮವ್ವಗ ನಾ ಹೇಳ್ತೀನಿ. ತಪ್ಪು ನಂದು."

ಅಕ್ಕ ಗಂಟನ್ನು ಬಿಚ್ಚಿದಳು. ಒಂದು ಮುಷ್ಟಿ ಅಕ್ಕಿ, ಒಂದು ಅರಿಷಿಣದ ಕೊಂಬು ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡಳು. "ಮನ್ಯಾಗ ಒಂದು ಮುಷ್ಟಿ ಬಿಟ್ಟು ಬಂದಿದ್ದೆ" ಎಂದಳು. "ಈಗ ಒಂದು ಮುಷ್ಟಿ ತಗೊಂಡು ಹೋಗ್ತೀನಿ." ಉಳಿದ ಗಂಟನ್ನು ತಿರುಗಿ ಕಟ್ಟಿ ನನ್ನ ಮುಂದೆ ಹಿಡಿದಳು. ನಾನು ಪರಕರದ ಅಂಚು ಎತ್ತಿ ಮಡಿಲು ಮಾಡಿದೆ. ಈಗ ತೂಕ ಸರಿಹೋಯಿತು, ಆದರೆ ಹೊರಗಿಟ್ಟದ್ದನ್ನು ತಿರುಗಿ ತುಂಬಲು ಹೊತ್ತಿರಲಿಲ್ಲ. "ಕೆಳಗ ಇಡಬ್ಯಾಡ" ಎಂದಷ್ಟೇ ಹೇಳಿ ವಿಮಾನದ ಕಡೆ ನಡೆದಳು. ಹಿಂತಿರುಗಿ ನೋಡಲಿಲ್ಲ. ಉಡಿ ತುಂಬಿಸಿಕೊಂಡವರು ಹಿಂತಿರುಗಿ ನೋಡಬಾರದು.

ನಾನು ಅದನ್ನು ಕೆಳಗೆ ಇಡಲಿಲ್ಲ. ಮುಂಬಯಿಯಿಂದ ಹುಬ್ಬಳ್ಳಿಯವರೆಗೆ, ಹುಬ್ಬಳ್ಳಿಯಿಂದ ಶಿರಸಿಯವರೆಗೆ, ತೊಡೆ ಜೋಮು ಹಿಡಿದರೂ ಇಡಲಿಲ್ಲ. ಅಪ್ಪ ಎದುರಿಗೆ ಕೂತಿದ್ದ. ಅಕ್ಕನ ಶಾಲು, ಪೆಪ್ಪರಮಿಂಟು, ಅಂಟಿನುಂಡಿ ಎಲ್ಲ ನಮ್ಮ ಬಳಿಯೇ ಇದ್ದವು. ಸುಖಪ್ರಯಾಣದ ಸಾಮಾನೆಲ್ಲ ನಮ್ಮ ಪಾಲಿಗೆ ಬಂದಿತ್ತು. ಒಂದು ಪೆಪ್ಪರಮಿಂಟನ್ನೂ ಬಾಯಿಗೆ ಹಾಕಿಕೊಳ್ಳುವ ಮನಸ್ಸಾಗಲಿಲ್ಲ.

ಅವ್ವ ಬಾಗಿಲಿಗೆ ಬಂದವಳು ನನ್ನ ಮಡಿಲು ನೋಡಿದಳು. ತುಂಬಿದ ಉಡಿ ತವರಿಗೆ ಮರಳಿ ಬರುವುದೆಂದರೇನು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಪ್ಪ, "ನಾ ತೂಗೂ ಮುಂದ ಅದನ್ನ ಲೆಕ್ಕಕ್ಕ ಹಿಡೀಲಿಲ್ಲ" ಎಂದ. ಅವ್ವ ಎರಡೂ ಕೈಯಲ್ಲಿ ಗಂಟನ್ನು ತೆಗೆದುಕೊಂಡು ದೇವರ ಗೂಡಿನ ಮೇಲಿನ ನಾಗೊಂದಿಗೆಯ ಹಲಗೆಯ ಮೇಲೆ ಇಟ್ಟಳು.

ಅಕ್ಕ ಸುಖವಾಗಿ ಮುಟ್ಟಿದ ತಂತಿ ಬಂತು. ಭಾವ ಮಗಳನ್ನು ನೋಡಿದ. ಕೊಯ್ದರು, ಬದುಕಿದ. ಮನೆಗೆ ಬಂದ ದಿನ ಆ ಒಂದು ಮುಷ್ಟಿ ಅಕ್ಕಿಯ ಗಂಜಿ ಮಾಡಿ ಉಣಿಸಿದೆ ಎಂದು ಅಕ್ಕ ಬರೆದಳು. ಅದನ್ನು ಓದಿಸಿಕೊಂಡ ದಿನ ಅವ್ವ ಪಾಯಸ ಮಾಡಿದಳು. ದೀಪಾವಳಿಯ ಹೊತ್ತಿಗೆ ಕೂಸಿನ ಮೊದಲ ಹಲ್ಲನ್ನು ಭಾವ ಬೆರಳಿನಿಂದ ಮುಟ್ಟಿ ನೋಡಿದನಂತೆ. ಯುಗಾದಿಯ ಮೊದಲು ಗಡ್ಡೆ ಮತ್ತೆ ಬೆಳೆಯಿತು. ಆ ಸಲ ಕೊಯ್ಯುವ ಮಾತನ್ನೂ ಯಾರೂ ಆಡಲಿಲ್ಲ.

ಭಾವ ಹೋದ ಮೇಲೆ ಅಕ್ಕ ತಿರುಗಿ ಬಂದದ್ದು ಹಡಗಿನಲ್ಲಿ, ಆಮೇಲೆ ರೈಲಿನಲ್ಲಿ. ವಿಮಾನ ಬೇಕಾಗಲಿಲ್ಲ. ಯಾವ ಅವಸರವೂ ಇರಲಿಲ್ಲ.

ಅತ್ತೆ ಸಿದ್ದಾಪುರದಿಂದ ಬಂದು ಅತ್ತು ಮುಗಿಸಿದ ಮೇಲೆ, "ಉಡಿ ನಡುದಾರ್ಯಾಗ ಬಿಟ್ಟರ ಮತ್ತೇನಾಗತೈತಿ?" ಎಂದಳು. ನನಗೆ ಮೈಯೆಲ್ಲ ಉರಿಯಿತು. "ಹಂಗಾದ್ರ ನಿಮ್ಮ ಕೌದಿ ಬಿಟ್ಟು ಹೋಗಬೇಕಿತ್ತೇನು?" ಎಂದೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು.

ಒಂದು ವರ್ಷ ಅಕ್ಕ ಮನೆಯಲ್ಲಿದ್ದಳು. ಆಮೇಲೆ ಮಾಸ್ತರಿಕೆಯ ತರಬೇತಿಗೆ ಧಾರವಾಡಕ್ಕೆ ಹೋಗುವುದೆಂದು ತಾನೇ ನಿಶ್ಚಯಿಸಿದಳು. ಅಪ್ಪ ಬೇಡವೆನ್ನಲಿಲ್ಲ. ಈ ಸಲ ತಗಡಿನ ಟ್ರಂಕನ್ನೇ ಇಳಿಸಿದರು. ತೂಕ ಕೇಳುವವರು ಯಾರೂ ಇರಲಿಲ್ಲ. ಆದರೆ ಅದರಲ್ಲಿ ಇಡಲು ಅಕ್ಕನ ಬಳಿ ಏನಿತ್ತು? ಎರಡು ಬಿಳಿ ಸೀರೆ, ಮಗಳ ಅಂಗಿ, ಆ ಕೌದಿ. ಅರ್ಧ ಟ್ರಂಕು ಖಾಲಿಯೇ ಉಳಿಯಿತು.

ಹೊರಡುವ ಹೊತ್ತಿಗೆ ಯಾರೂ ಮಣೆ ಹಾಕಲಿಲ್ಲ. ಗಂಡನಿಲ್ಲದವಳಿಗೆ ಉಡಿ ತುಂಬುವುದಿಲ್ಲ. ಅಕ್ಕ ಅದು ಗೊತ್ತಿದ್ದವಳಂತೆ, ಯಾರಿಗೂ ಸಂಕೋಚವಾಗಬಾರದೆಂದು, ಮಗಳನ್ನು ಎತ್ತಿಕೊಂಡು ಬೇಗ ಬೇಗ ಹೊಸ್ತಿಲು ದಾಟಲು ಹೋದಳು.

"ನಿಂದ್ರು" ಎಂದಳು ಅವ್ವ.

ನಾಗೊಂದಿಗೆಯಿಂದ ಆ ಗಂಟು ಇಳಿಯಿತು. ಕೊಬ್ಬರಿ ಬೆಲ್ಲ ಯಾವಾಗಲೋ ಕೆಟ್ಟಿರಬೇಕು, ತೆಗೆದು ಬೇರೆ ಹಾಕಿದ್ದಳು. ಅಕ್ಕಿ ಮಾತ್ರ ಅದೇ. ಎರಡು ವರ್ಷ ಅದನ್ನು ಬಿಸಿಲಿಗೆ ಹಾಕಿ, ಹುಳ ಆರಿಸಿ, ಬೇವಿನೆಲೆ ಸೇರಿಸಿ ಇಟ್ಟಿದ್ದಳಂತೆ. ಒಂದೇ ಮನೆಯಲ್ಲಿದ್ದ ನಾನು ಅದನ್ನು ಒಮ್ಮೆಯೂ ಕಂಡಿರಲಿಲ್ಲ.

ಬೀಳ್ಕೊಡಲು ಬಂದಿದ್ದ ಅತ್ತೆ ಒಳಗಿನಿಂದ ಓಡಿ ಬಂದಳು. "ಏನ್ ಮಾಡಾಕತ್ತಿ? ಗಂಡನಿಲ್ಲದಾಕಿಗೆ ಉಡಿ ತುಂಬತಾರೇನ?"

"ನಾ ಎಲ್ಲಿ ತುಂಬಾಕತ್ತೀನಿ?" ಎಂದಳು ಅವ್ವ. "ಇದು ಅಕೀ ಉಡಿ. ಮುತ್ತೈದಿ ಇದ್ದಾಗ ತುಂಬಿದ್ದು. ಅಕಿ ಬಿಟ್ಟು ಹೋಗಿದ್ಲು, ಅಕೀದನ್ನ ಅಕಿಗೆ ಕೊಡಾಕತ್ತೀನಿ. ಸೆರಗು ಹಿಡಿಯವಾ."

ಅಕ್ಕ ಮಗಳನ್ನು ನನ್ನ ಕೈಗೆ ಕೊಟ್ಟು ಸೆರಗು ಹಿಡಿದಳು. ಗಂಡ ಹೋದಾಗಲೂ ನಮ್ಮ ಮುಂದೆ ಅಳದವಳು ಆಗ ಅತ್ತಳು. ಗಂಟು ಬಿಚ್ಚಿ ಒಂದು ಮುಷ್ಟಿ ಅಕ್ಕಿ ತೆಗೆದು, ದೇವರ ಮುಂದೆ ಹೋಗಲು ಧೈರ್ಯವಾಗದೆ, ಅವ್ವನ ಅಂಗೈಯಲ್ಲೇ ಬಿಟ್ಟಳು. ಅತ್ತೆ ಮೆಲ್ಲಗೆ ಬಂದು ಗಂಟಿನ ಮೇಲೆ ಒಂದು ಕೊಬ್ಬರಿ ಬಟ್ಟಲು ಇಟ್ಟು ಒಳಗೆ ಹೋದಳು.

ಮೋಟಾರಿನಲ್ಲಿ ಅಕ್ಕ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಅಪ್ಪ ಕಿಟಕಿಯ ಬಳಿ ನಿಂತು ಅದನ್ನೇ ನೋಡುತ್ತಿದ್ದ.

"ಭಾರ ಆತೇನವಾ?" ಎಂದ.

"ಆಗೇತಿ ಅಪ್ಪಾ" ಎಂದಳು ಅಕ್ಕ. "ಇರಲಿ."